27 ದೇಶಗಳ ಸಂಸದರಿಗೆ ಒಂದೇ ಸಂಬಳ: ನಿಗದಿ ಮಾಡುವುದು ಹೇಗೆ?

ಅಕ್ಕಪಕ್ಕದ ಎರಡು ಕುರ್ಚಿ. ಒಂದರಲ್ಲಿ ಇಟಲಿಯ ಸದಸ್ಯರು, ಇನ್ನೊಂದರಲ್ಲಿ ಹಂಗೇರಿಯವರು. ಇಬ್ಬರ ಕೆಲಸವೂ ಅದೇ, ಮತದ ಬೆಲೆಯೂ ಅಷ್ಟೇ. ಸಂಬಳಕ್ಕೆ ಬಂದರೆ ಮಾತ್ರ ಹತ್ತು ಪಟ್ಟಿಗೂ ಮೀರಿದ ಅಂತರ. 2009ರ ಜುಲೈವರೆಗೆ ಯುರೋಪಿಯನ್ ಪಾರ್ಲಿಮೆಂಟ್, ಅಂದರೆ ಐರೋಪ್ಯ ಒಕ್ಕೂಟದ ದೇಶಗಳ ಜಂಟಿ ಸಂಸತ್ತು, ನಡೆದದ್ದು ಹೀಗೆ: ಅವರವರ ದೇಶದ ಸಂಸದರಿಗೆ ಎಷ್ಟೋ ಅವರಿಗೂ ಅಷ್ಟು. 2004ರಲ್ಲಿ ಹತ್ತು ಹೊಸ ದೇಶಗಳು ಸೇರಿದ ಮೇಲಂತೂ ಅಂತರ ಕಣ್ಣಿಗೆ ರಾಚುವಷ್ಟಾಯಿತು. ಇದನ್ನು ಒಂದೇ ತಕ್ಕಡಿಗೆ ತಂದ ಕ್ರಮವನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಅಧಿಕಾರ ಯಾರದ್ದು?

ಒಕ್ಕೂಟದ ಒಪ್ಪಂದದ 223ನೇ ವಿಧಿಯ ಪ್ರಕಾರ ನಿಯಮದ ಕರಡು ಬರೆಯುವುದು ಪಾರ್ಲಿಮೆಂಟೇ. ಒಕ್ಕೂಟದ ಆಡಳಿತ ನಡೆಸುವ ಆಯೋಗದ ಅಭಿಪ್ರಾಯ ಕೇಳಬೇಕು, ಸದಸ್ಯ ದೇಶಗಳ ಮಂತ್ರಿಗಳ ಮಂಡಳಿಯ ಒಪ್ಪಿಗೆ ಪಡೆಯಬೇಕು. ತೆರಿಗೆಯ ಭಾಗಕ್ಕಂತೂ ಮಂಡಳಿಯಲ್ಲಿ ಒಮ್ಮತವೇ ಬೇಕು, ಒಂದು ದೇಶ ತಲೆ ಅಲ್ಲಾಡಿಸಿದರೂ ಕಡತ ವಾಪಸ್. ಆದ್ದರಿಂದ ತೆರಿಗೆಯ ಮಾತನ್ನು ಮೊದಲು ಮುಗಿಸಿಕೊಂಡು, ಮೊತ್ತದ ಚರ್ಚೆಗೆ ಆಮೇಲೆ ಕೈಹಾಕುವುದು ಜಾಣತನ.

ಹಂತ 2: ಮೊತ್ತ ಬರೆಯಬೇಡಿ, ಅಳತೆಗೋಲು ಹಿಡಿಯಿರಿ

ಎಲ್ಲ ದೇಶಗಳ ಸಂಸದರ ಸಂಬಳದ ಸರಾಸರಿ ತೆಗೆದರೆ ಆಯಿತಲ್ಲ ಎನಿಸುತ್ತದೆ. ಆದರೆ ಯಾವುದೋ ಒಂದು ದೇಶ ತನ್ನವರ ಸಂಬಳ ಏರಿಸಿದರೂ ಸರಾಸರಿ ಅಲುಗುತ್ತದೆ, ಬಡ ದೇಶ ಒಳಗೆ ಬಂದರೆ ಇಳಿಯುತ್ತದೆ. ಅದಕ್ಕೇ ಒಕ್ಕೂಟದ ನ್ಯಾಯಾಲಯದ ನ್ಯಾಯಾಧೀಶರ ಮೂಲ ವೇತನವನ್ನು ಗೂಟ ಮಾಡಿಕೊಂಡರು. ನ್ಯಾಯಾಧೀಶರ ವೇತನವೂ ಸ್ವತಂತ್ರವಲ್ಲ, ಅತ್ಯುನ್ನತ ದರ್ಜೆಯ ಅಧಿಕಾರಿಯ ವೇತನದ ಶೇ 112.5. ಹೀಗೆ ಒಂದಕ್ಕೊಂದು ಕೊಂಡಿ ಹಾಕಿಬಿಟ್ಟರೆ ಸದಸ್ಯರು ವರ್ಷ ವರ್ಷ ತಮ್ಮ ಸಂಬಳಕ್ಕೆ ತಾವೇ ಕೈಯೆತ್ತುವ ಮುಜುಗರ ಇರುವುದಿಲ್ಲ. (ನಮ್ಮ ಲೋಕಸಭೆ, ರಾಜ್ಯಸಭೆಗಳೂ 2018ರಿಂದ ಬೆಲೆಯೇರಿಕೆ ಸೂಚ್ಯಂಕಕ್ಕೆ ಇಂಥದ್ದೇ ಕೊಂಡಿ ಹಾಕಿಕೊಂಡಿವೆ. ಕರ್ನಾಟಕದ ಶಾಸಕರ ವೇತನ 2025ರಲ್ಲಿ ದುಪ್ಪಟ್ಟಾದದ್ದು ಅವರೇ ಅಂಗೀಕರಿಸಿದ ಮಸೂದೆಯಿಂದ.)

ಗೂಟ ಸರಿ, ಎಷ್ಟು ಪಾಲು? ಎಡವಿದ್ದು ಇಲ್ಲೇ. ಮೊದಲು ಶೇ 50 ಎಂದರು. 2004ರ ಜನವರಿಯಲ್ಲಿ ಜರ್ಮನಿ, ಫ್ರಾನ್ಸ್, ಆಸ್ಟ್ರಿಯಾ, ಸ್ವೀಡನ್ ದುಬಾರಿಯಾಯಿತೆಂದು ತಡೆದವು. 2005ರಲ್ಲಿ ಶೇ 38.5ಕ್ಕೆ ಇಳಿಸಿದಾಗ, ಅಂದಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 7,000 ಯುರೋ, ಒಪ್ಪಿಗೆ ಸಿಕ್ಕಿತು. 2024ರ ಆರಂಭದ ಲೆಕ್ಕ ನೋಡಿ: ನ್ಯಾಯಾಧೀಶರ ಮೂಲ ವೇತನ ಸುಮಾರು 26,169 ಯುರೋ, ಅದರ ಶೇ 38.5 ಎಂದರೆ 10,075. ಒಕ್ಕೂಟದ ತೆರಿಗೆ, ವಿಮೆ ಕಳೆದರೆ ಉಳಿಯುವುದು ಸುಮಾರು 7,854.

ಅದರ ಮೇಲೆ ಸ್ವಂತ ದೇಶವೂ ತೆರಿಗೆ ಹಾಕಬಹುದು. ಒಕ್ಕೂಟಕ್ಕೆ ಕಟ್ಟಿದ್ದನ್ನು ವಜಾ ಮಾಡಿಕೊಂಡು, ಒಂದೇ ದುಡ್ಡಿಗೆ ಎರಡು ಸಲ ತೆರಿಗೆ ಬೀಳದಂತೆ ನೋಡಿಕೊಳ್ಳಬೇಕು, ಅಷ್ಟೇ. ಹಾಗಾಗಿ ಚೀಟಿಯ ಮೇಲಿನ ಸಂಬಳ ಎಲ್ಲರಿಗೂ ಒಂದೇ ಆದರೂ ಜೇಬಿಗೆ ಇಳಿಯುವುದು ಒಂದೇ ಅಲ್ಲ.

ಹಂತ 3: ಸಂಬಳದ ಜೊತೆಗೇ ಭತ್ಯೆಯ ತೂತು ಮುಚ್ಚಿ

ಸಂಬಳ ಕಡಿಮೆಯಿದ್ದರೆ ಅದು ಭತ್ಯೆಯ ರೂಪದಲ್ಲಿ ಹಿಂಬಾಗಿಲಿನಿಂದ ಬರುತ್ತದೆ. ಹಳೆಯ ಪದ್ಧತಿಯಲ್ಲಿ ಪ್ರಯಾಣಕ್ಕೆ ಸಿಗುತ್ತಿದ್ದುದು ದೂರದ ಲೆಕ್ಕದ ದುಬಾರಿ ಟಿಕೆಟ್ಟಿನ ದರ. ಅಗ್ಗದ ವಿಮಾನದಲ್ಲಿ ಬಂದವರಿಗೆ ವ್ಯತ್ಯಾಸವೆಲ್ಲ ಉಳಿತಾಯ. ಕಡಿಮೆ ಸಂಬಳದವರಿಗೆ ಇದೇ ಪರಿಹಾರ ಎಂಬಂತೆ ಎಲ್ಲರೂ ಕಣ್ಣುಮುಚ್ಚಿಕೊಂಡಿದ್ದರು. ಸಂಬಳ ಸಮ ಮಾಡಿ ಇದನ್ನು ಹಾಗೇ ಬಿಟ್ಟಿದ್ದರೆ ಎರಡೂ ಕಡೆ ಲಾಭವಾಗುತ್ತಿತ್ತು. ಅದಕ್ಕೇ ಎರಡನ್ನೂ ಒಂದೇ ದಿನದಿಂದ ಬದಲಿಸಿದರು. ಈಗ ಟಿಕೆಟ್ ತೋರಿಸಿದರೆ ಕೊಟ್ಟಷ್ಟೇ ವಾಪಸ್, ಅದಕ್ಕೂ ಗರಿಷ್ಠ ಮಿತಿಯಿದೆ.

ದಿನಭತ್ಯೆಯದು ಬೇರೆ ಕಥೆ. 2024ರಲ್ಲಿ ಅದು ದಿನಕ್ಕೆ 350 ಯುರೋ, ಊಟ, ವಸತಿಗೆಂದು. ಹಾಜರಿ ಪುಸ್ತಕದಲ್ಲಿ ಸಹಿ ಇದ್ದರೆ ಮಾತ್ರ. ಸಹಿ ಒಂದೇ ಸಾಕೆಂದರೆ ಸಹಿ ಹಾಕಿ ಜಾಗ ಖಾಲಿ ಮಾಡುವವರು ಇದ್ದೇ ಇರುತ್ತಾರೆ. ಅದಕ್ಕೆ ಮದ್ದು: ಮತದಾನದ ದಿನ ಹೆಸರು ದಾಖಲಾಗುವ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಪ್ಪಿಸಿಕೊಂಡರೆ ಆ ದಿನದ ಭತ್ಯೆ ಅರ್ಧ. ಪೂರ್ಣ ಅಧಿವೇಶನ ನಡೆಯುವ ಸ್ಟ್ರಾಸ್‌ಬರ್ಗ್‌ನಲ್ಲಿ ನಾಲ್ಕು ದಿನ ಸಹಿ ಹಾಕಿದರೆ 1,400 ಯುರೋ. ಅದರಲ್ಲಿ ಎರಡು ದಿನ ಹೀಗೆ ಮತ ತಪ್ಪಿಸಿದರೆ 1,050.

ಕಚೇರಿ ಬಾಡಿಗೆ, ಫೋನ್, ಕಂಪ್ಯೂಟರಿಗೆಂದು ಕೊಡುವ ಭತ್ಯೆ 2024ರಲ್ಲಿ ತಿಂಗಳಿಗೆ 4,950 ಯುರೋ. ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ: ಇಡಿಗಂಟು ಖಾತೆಗೆ ಬೀಳುತ್ತದೆ, ಬಿಲ್ ಕೊಡುವ ಕಡ್ಡಾಯವಿಲ್ಲ. ಸಕಾರಣವಿಲ್ಲದೆ ವರ್ಷದ ಅರ್ಧದಷ್ಟು ಪೂರ್ಣ ಅಧಿವೇಶನಗಳಿಗೆ ಬಾರದಿದ್ದರೆ ಅರ್ಧ ಕಡಿತ, ಅಷ್ಟೇ ಶಿಕ್ಷೆ. ಹೊಸದಾಗಿ ನಿಯಮ ಬರೆಯುವವರು ಇದನ್ನು ನಕಲು ಮಾಡದಿರುವುದು ಒಳ್ಳೆಯದು.

ಸಹಾಯಕರ ಸಂಬಳದ ಹಣ ಸದಸ್ಯರ ಕೈ ಮುಟ್ಟುವುದೇ ಇಲ್ಲ. ಬ್ರಸೆಲ್ಸ್‌ನಲ್ಲಿರುವವರಿಗೆ ಪಾರ್ಲಿಮೆಂಟಿನ ಆಡಳಿತವೇ ಕೊಡುತ್ತದೆ, ಊರಿನಲ್ಲಿರುವವರಿಗೆ ಮಧ್ಯವರ್ತಿ ಲೆಕ್ಕಿಗರ ಮೂಲಕ ಹೋಗುತ್ತದೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರನ್ನು ನೇಮಿಸಿಕೊಳ್ಳುವಂತಿಲ್ಲ.

ಹಂತ 4: ಹೋಗುವವರ ಲೆಕ್ಕ

ಅವಧಿ ಮುಗಿದವರಿಗೆ ಸೇವೆಯ ವರ್ಷಕ್ಕೆ ಒಂದು ತಿಂಗಳ ಸಂಬಳ. ಕನಿಷ್ಠ 6 ತಿಂಗಳು, ಗರಿಷ್ಠ 24. ಐದು ವರ್ಷ ಇದ್ದವರಿಗೆ ಹೀಗಾಗಿ ಐದಲ್ಲ, ಆರು. ಬೇರೆ ಸಂಸತ್ತಿಗೆ ಆಯ್ಕೆಯಾದರೆ ಅಲ್ಲಿಗೆ ನಿಲ್ಲುತ್ತದೆ. ಪಿಂಚಣಿ 63ರಿಂದ, ವರ್ಷಕ್ಕೆ ಸಂಬಳದ ಶೇ 3.5. ಒಂದು ಅವಧಿಗೆ ಶೇ 17.5, ಇಪ್ಪತ್ತು ವರ್ಷಕ್ಕೆ ಶೇ 70, ಅದರಾಚೆ ಇಲ್ಲ.

ಇದರ ಪಕ್ಕದಲ್ಲಿ ಐಚ್ಛಿಕ ನಿಧಿಗಳನ್ನು ಸಾಕಬೇಡಿ. 1990ರಲ್ಲಿ ಶುರುವಾದ ಅಂಥದ್ದೊಂದಕ್ಕೆ ಮೂರರಲ್ಲಿ ಎರಡು ಪಾಲು ಪಾರ್ಲಿಮೆಂಟೇ ತುಂಬುತ್ತಿತ್ತು. 2009ರಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿದರೂ ಕೊಟ್ಟ ಮಾತಿಗೆ ಗಂಟು ಸಾಲಲಿಲ್ಲ, 2023ರಲ್ಲಿ ಪಾವತಿಯನ್ನೇ ಅರ್ಧಕ್ಕಿಳಿಸಬೇಕಾಯಿತು.

ಹಂತ 5: ಜಾರಿಯ ದಿನ

ನಿಯಮ ಅಂಗೀಕಾರವಾದದ್ದು 2005ರ ಸೆಪ್ಟೆಂಬರ್ 28ರಂದು, ಜಾರಿಯಾದದ್ದು 2009ರ ಜುಲೈ 14ರಂದು, ಹೊಸ ಪಾರ್ಲಿಮೆಂಟಿನ ಮೊದಲ ದಿನ. ನಡುವೆ ಒಂದು ಚುನಾವಣೆ ಬಂದು ಹೋಯಿತು. ಮರುಆಯ್ಕೆಯಾದ ಹಳಬರಿಗೆ ಹಳೆಯ ಸಂಬಳದಲ್ಲೇ ಉಳಿಯುವ ಆಯ್ಕೆಯನ್ನೂ ಕೊಟ್ಟರು, ಆದರೆ ಅದರ ಖರ್ಚು ಅವರ ದೇಶದ್ದು. ಬೇಕೆಂದವರು 30 ದಿನದೊಳಗೆ ಅಧ್ಯಕ್ಷರಿಗೆ ಬರೆದು ತಿಳಿಸಬೇಕಿತ್ತು. ಪತ್ರ ಬಾರದವರೆಲ್ಲ ತಾನಾಗಿಯೇ ಹೊಸ ಪಟ್ಟಿಗೆ.