ಸೊಗದೆ ಬೇರಿನ ಶರಬತ್ತು: ದಯವಿಟ್ಟು ಬೇರನ್ನು ಕುದಿಸಬೇಡಿ

ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟಿದರೆ ಎಲ್ಲರಿಗೂ ನನ್ನಾರಿ ಶರಬತ್ತಿನ ನೆನಪಾಗುತ್ತದೆ. ಈ ನನ್ನಾರಿ ಅಂದರೆ ಹೊಲದ ಬದುವಿನಲ್ಲಿ, ಕುರುಚಲು ಗುಡ್ಡದಲ್ಲಿ ತಾನಾಗಿ ಹಬ್ಬುವ ಸೊಗದೆ ಬಳ್ಳಿಯ ಬೇರು. ಆಯುರ್ವೇದದಲ್ಲಿ ಸಾರಿವಾ, ಅನಂತಮೂಲ ಎನ್ನುತ್ತಾರೆ. ಪಿತ್ತ, ಮೈ ಉರಿ, ಚರ್ಮದ ತೊಂದರೆಗೆಲ್ಲ ಇದನ್ನು ಬಳಸುತ್ತಾ ಬಂದಿದ್ದಾರೆ.

ಮನೆಯಲ್ಲಿ ಮಾಡಲು ಹೊರಟವರು ಎಡವುವುದು ಒಂದೇ ಕಡೆ. ಬೇರನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಅಡುಗೆಮನೆ ಘಮ್ಮೆನ್ನುತ್ತದೆ, ಎಲ್ಲರಿಗೂ ಖುಷಿ. ಆದರೆ ಆ ಘಮ ಇರಬೇಕಾದದ್ದು ಪಾತ್ರೆಯೊಳಗೆ ಅಲ್ವಾ? ಅದು ಹಬೆಯ ಜೊತೆ ಹಾರಿಹೋಗುವಂಥದ್ದು. ಕೊನೆಗೆ ಉಳಿಯುವುದು ಕಂದು ಬಣ್ಣದ ಸಕ್ಕರೆ ನೀರು.

ಮೊದಲು ಬೇರು. ಗ್ರಂಥಿಗೆ ಅಂಗಡಿಯಲ್ಲಿ 100 ಗ್ರಾಂ ತನ್ನಿ. ಪೆನ್ಸಿಲ್‌ಗಿಂತ ತೆಳ್ಳಗೆ, ಕಡು ಕಂದು ಬಣ್ಣದ್ದು ಇರಬೇಕು. ಮುರಿದು ಮೂಸಿ ನೋಡಿ, ವಾಸನೆ ಇಲ್ಲದಿದ್ದರೆ ಬೇಡ ಎನ್ನಿ. ಬೆರಳಿನಷ್ಟು ದಪ್ಪ ಇದ್ದರೆ ಅದು ಮಾಗಳಿ ಬೇರು. ವಾಸನೆ ಹೆಚ್ಚು ಕಡಿಮೆ ಅದೇ, ಸೊಗದೆಯ ಹೆಸರಲ್ಲೇ ಮಾರುವುದೂ ಉಂಟು. ಆ ಗಿಡ ಕಾಡಿನಲ್ಲಿ ಅಪರೂಪವಾಗುತ್ತಿದೆ, ಹಾಗಾಗಿ ಶರಬತ್ತಿಗೆ ಅದನ್ನು ಕೊಳ್ಳಬೇಡಿ. ಪುಡಿಯನ್ನಂತೂ ಕೊಳ್ಳಲೇಬೇಡಿ, ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ.

ನೀವೇ ಅಗೆಯುವುದಾದರೆ ಸ್ವಂತ ಹೊಲದ ಬದುವಿನಲ್ಲಿ, ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಅಗೆಯಿರಿ. ಉದ್ದ, ಕಿರಿದಾದ ಎಲೆ ಎದುರುಬದುರಾಗಿ ಇರುತ್ತದೆ, ಎಲೆಯ ನಡುವೆ ಬಿಳಿ ಗೆರೆ, ಕಿತ್ತರೆ ಹಾಲು. ಹೀಗೇ ಕಾಣುವ ಬೇರೆ ಹಾಲುಬಳ್ಳಿಗಳೂ ಇವೆ, ಆದ್ದರಿಂದ ಬೇರು ಮೂಸದೆ ನಂಬಬೇಡಿ. ಪಕ್ಕದ ಬೇರು ಸ್ವಲ್ಪ ತೆಗೆದು ತಾಯಿಬೇರು ಬಿಡಿ, ಬಳ್ಳಿ ಮತ್ತೆ ಚಿಗುರುತ್ತದೆ. ಸಂಡೂರಿನ ಕಾಡಿಗೋ ದರೋಜಿ ಕರಡಿಧಾಮಕ್ಕೋ ಗುದ್ದಲಿ ಹಿಡಿದು ಹೋಗಬೇಡಿ, ಅದು ಕಾನೂನಿಗೆ ವಿರುದ್ಧ.

ಬೇರನ್ನು ಹತ್ತು ನಿಮಿಷ ನೀರಲ್ಲಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಬಿರುಕಿನ ಮಣ್ಣು ಉಜ್ಜಿ ತೊಳೆಯಿರಿ. ಜಾಸ್ತಿ ಹೊತ್ತು ನೆನೆಸಿದರೆ ಚೆಲ್ಲುವ ನೀರಿಗೇ ಸಾರ ಹೋಗುತ್ತದೆ.

ಈಗ ನಿಧಾನವಾಗಿ ಮಾಡಬೇಕಾದ ಕೆಲಸ. ಬೇರನ್ನು ಕಲ್ಲಿನ ಮೇಲಿಟ್ಟು ಮೆಲ್ಲಗೆ ತಟ್ಟಿ. ಸಿಪ್ಪೆ ಸೀಳಿ ನಡುವಿನ ಬಿಳಿ ಕಡ್ಡಿಯಿಂದ ಬಿಡುತ್ತದೆ. ಘಮ ಇರುವುದು ಸಿಪ್ಪೆಯಲ್ಲಿ, ಕಡ್ಡಿ ಬರೀ ಕಟ್ಟಿಗೆ, ಬಿಸಾಡಿ. ಸಿಪ್ಪೆಯನ್ನು ಒರಳಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದರೆ ಯಾವ ಬಟ್ಟೆಯಲ್ಲೂ ಸೋಸಲು ಬರುವುದಿಲ್ಲ, ಶರಬತ್ತು ಕದಡಿದ ಕೆರೆ ನೀರಿನ ಹಾಗಿರುತ್ತದೆ. ಮುಚ್ಚಳ ಸರಿಯಾಗಿ ಕೂರುವ ಸ್ಟೀಲ್ ಪಾತ್ರೆಗೆ ಕುಟ್ಟಿದ್ದನ್ನು ಹಾಕಿ, 600 ಮಿಲಿ ನೀರನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಅದರ ಮೇಲೆ ಸುರಿದು ತಕ್ಷಣ ಮುಚ್ಚಿ. ಮುಚ್ಚಳದ ಮೇಲೊಂದು ಭಾರ ಇಡಿ. ಬೆಳಗಿನವರೆಗೆ ತೆಗೆದು ನೋಡುವುದು, ಮೂಸುವುದು ಏನೂ ಬೇಡ.

ಬೆಳಿಗ್ಗೆ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಸುಮಾರು ಅರ್ಧ ಲೀಟರ್ ಸಿಗುತ್ತದೆ. ಅದಕ್ಕೆ 1 ಕೆ.ಜಿ. ಸಕ್ಕರೆ. ಜಾಸ್ತಿ ಅನ್ನಿಸಬಹುದು, ಆದರೆ ಸಕ್ಕರೆ ಕಡಿಮೆ ಹಾಕಿದವರೇ ಆಮೇಲೆ ಪಾಕಕ್ಕೆ ಬರಲೆಂದು ಕುದಿಸುತ್ತಾ ಕೂರುತ್ತಾರೆ. ಇಷ್ಟು ಹಾಕಿದರೆ ಸಣ್ಣ ಉರಿಯಲ್ಲಿ ಕರಗಿ ಒಂದು ಕುದಿ ಬಂದರೆ ಸಾಕು, ಕೆಡುವುದೂ ಇಲ್ಲ. ಇಳಿಸಿ ಒಂದು ನಿಂಬೆಹಣ್ಣಿನ ರಸ ಹಿಂಡಿ, ಮುಚ್ಚಿಟ್ಟು ಆರಿಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ. ಬೆಲ್ಲ ಹಾಕಬೇಡಿ, ಅದರ ವಾಸನೆ ಬೇರಿನದನ್ನು ನುಂಗಿಬಿಡುತ್ತದೆ.

ಬಣ್ಣ ಚಹಾದಷ್ಟೇ ಬರುತ್ತದೆ. ಅಂಗಡಿಯ ಕಪ್ಪು ಶರಬತ್ತು ಕೊಳ್ಳುವ ಮುಂಚೆ ಚೀಟಿ ಓದಿ. ಬಣ್ಣ, ಎಸೆನ್ಸ್ ಅಂತ ಬರೆದಿದ್ದರೆ ವಾಪಸ್ ಇಡಿ.

ಲೋಟಕ್ಕೆ ಎರಡು ದೊಡ್ಡ ಚಮಚ, ಗಡಿಗೆಯ ತಣ್ಣೀರು, ಅರ್ಧ ನಿಂಬೆಹಣ್ಣು, ನೆನೆಸಿದ ಕಾಮಕಸ್ತೂರಿ ಬೀಜ. ಸೋಡಾ ನನಗೆ ಸರಿಬರುವುದಿಲ್ಲ, ಅದರ ಚುರುಕಿನಲ್ಲಿ ಘಮ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ. ಬಸುರಿಯರು, ದಿನಾ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಕುಡಿಯಲಿ.