ಮೋರಿ, ಡ್ಯಾಂ ಕೆಳಗ ಇಳಿಯೋ ತಮ್ಮಗಳಿಗೆ
ಕೊಪ್ಪಳ, ಮುನಿರಾಬಾದ್ ಕಡೆ ಟಾರ್ಚ್ ಹಿಡ್ಕೊಂಡು ದೊಡ್ಡ ಮೋರಿ, ಕಾಲುವಿ ಒಳಗ ನೋಡಾಕ ಹೋಗೋರು ಇದನ್ನ ಪೂರ್ತಿ ಓದ್ರಿ.

ಇಲ್ಲಿ ಬಿಸ್ಲೈತಿ ಅಂತ ನಂಬಬ್ಯಾಡ್ರಿ, ತುಂಗಭದ್ರಾಕ್ಕ ನೀರು ಬರೋದು ಮಲೆನಾಡಿನಿಂದ, ಶಿವಮೊಗ್ಗ ಚಿಕ್ಕಮಗಳೂರು ಕಡೆ ಮಳಿ ಜೋರಾತಂದ್ರ ನಮ್ಮಲ್ಲಿ ಒಂದ್ ಹನಿ ಬೀಳದಿದ್ರೂ ಡ್ಯಾಂ ಗೇಟ್ ತೆಗೀತಾರ. 2024ರ ಆಗಸ್ಟ್‌ನ್ಯಾಗ 33 ಗೇಟಿನ ಪೈಕಿ 19ನೇದು ಚೈನ್ ಕಟ್ಟಾಗಿ ಕೊಚ್ಚಿ ಹೋತಲ್ಲ, ಅದೂ ರಾತ್ರಿ ಹೊತ್ತು! ಹಂಗಾಗಿ ಗೇಟಿನ ಕೆಳಗ ಇಳಿಯೋ ವಿಚಾರನ ಬಿಡ್ರಿ.

ಮಳಿಗಾಲದಾಗ ಊರ ಮೋರಿನೂ ಬ್ಯಾಡ, ಮೇಲಿನ ಏರಿಯಾದಾಗ ಮಳಿ ಹೊಡದ್ರ ನಿಮಗ ಗೊತ್ತಾಗೋದ್ರಾಗ ನೀರು ಬಂದಿರ್ತೈತಿ.

ಯುಜಿಡಿ, ಅಂದ್ರ ನೆಲದೊಳಗಿನ ಒಳಚರಂಡಿ, ಮ್ಯಾನ್‌ಹೋಲ್ ಅಂತೂ ಯಾವಾಗ್ಲೂ ಬ್ಯಾಡವೇ ಬ್ಯಾಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಮೊದ್ಲು ಕೊಳೆತ ತತ್ತಿ ವಾಸ್ನಿ ಬರ್ತೈತಿ, ಜಾಸ್ತಿ ಆದ್ರ ಮೂಗಿಗೆ ವಾಸ್ನಿನೇ ತಿಳಿಯಂಗಿಲ್ಲ, ಗ್ಯಾಸ್ ಹೋತು ಅನ್ಕೊಂತೀರಿ, ಅಷ್ಟರಾಗ ಮನುಷ್ಯ ಬಿದ್ದಿರ್ತಾನ. ಕರ್ಚೀಫು, ಮಾಸ್ಕ್ ಏನೂ ತಡಿಯಂಗಿಲ್ಲ. ಯಾರರ ಬಿದ್ರ ಎತ್ತಾಕಂತ ಹಿಂದಿಂದ ಇಳಿಬ್ಯಾಡ್ರಿ, ಹಿಂಗ ಇಳದೋರೂ ಸಾಯ್ತಾರ, 112ಕ್ಕ ಫೋನ್ ಹಚ್ಚ್ರಿ.

ಹಳೇ ಕಾಲದ ನೀರಿನ ಕೆಲ್ಸ ನೋಡೋ ಹುಚ್ಚಿದ್ರ ಹಂಪಿಗೆ ಹೋಗ್ರಿ, ಪುಷ್ಕರಣಿಗೆ ನೀರು ತರ್ತಿದ್ದ ಕಲ್ಲಿನ ಕಾಲುವಿ ನೆಲದ ಮ್ಯಾಲೇ ಐತಿ, ಆರಾಮಾಗಿ ನೋಡಬಹುದು.