ನನ್ನ ಅನುಭವ: ವರ್ಷದ ಜೋಳ ಡ್ರಮ್ಮಿನಲ್ಲಿ, ಒಂದು ಹುಳ ಇಲ್ಲದೆ

ದೀಪಾವಳಿ ಮುಂದೆ ಕೊನೆಯ ಡ್ರಮ್ ತೆಗೆದೆ. ಮಾರ್ಚ್‌ನಲ್ಲಿ ಮುಚ್ಚಿದ್ದು, ನಡುವೆ ಒಂದು ಸಲವೂ ತೆರೆದಿರಲಿಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಒಂದು ಕಾಳು ಬಾಯಿಗೆ ಹಾಕಿ ಕಡಿದರು, ಕಟ್ ಅಂತ ಸಪ್ಪಳ ಬಂತು. "ಇದು ಹೊಸಾ ಜ್ವಾಳ ಇದ್ದಂಗ ಐತಲ್ಲ" ಅಂದರು. ನಾಲ್ಕು ವರ್ಷದಿಂದ ಈ ಒಂದು ಮಾತಿಗೆ ಕಾಯುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ವಿಜಯಪುರದವರು. ಮನೆಯಲ್ಲಿ ಐದು ಜನ. ದಿನಾ ಎರಡು ಹೊತ್ತು ರೊಟ್ಟಿ ಬೇಕೇ ಬೇಕು. ಲೆಕ್ಕ ಹಾಕಿದರೆ ತಿಂಗಳಿಗೆ 28-30 ಕಿಲೋ ಜೋಳ, ವರ್ಷಕ್ಕೆ ಮೂರೂವರೆ ಕ್ವಿಂಟಲ್. ಮೊದಲು ಕಿರಾಣಿ ಅಂಗಡಿಯಿಂದ ವಾರಕ್ಕೆ ಏಳು ಕಿಲೋದಂತೆ ತರುತ್ತಿದ್ದೆವು. ಜೋಳದ ರೇಟು ನಿಮಗೂ ಗೊತ್ತು ಅಲ್ವಾ, ಸುಗ್ಗಿಯಲ್ಲಿ ಒಂದು, ಶ್ರಾವಣದಲ್ಲಿ ಒಂದು. ಆಗ ಯಾವ ತಿಂಗಳು ಎಷ್ಟು ಕೊಟ್ಟೆವು ಅಂತ ಯಾರೂ ಬರೆದಿಡುತ್ತಿರಲಿಲ್ಲ. ನಾನು 2021ರಲ್ಲಿ ಬರೆಯಲು ಶುರು ಮಾಡಿದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು ಇದ್ದವು, ಅದರಲ್ಲೇ. ಆರು ತಿಂಗಳು ಬರೆದ ಮೇಲೆ ಗೊತ್ತಾಯಿತು, ನಮ್ಮ ರೊಕ್ಕ ಜಾಸ್ತಿ ಹೋಗುತ್ತಿದ್ದುದು ಸೀರೆಗೂ ಅಲ್ಲ, ಹೋಟೆಲಿಗೂ ಅಲ್ಲ. ಜೋಳ, ಬ್ಯಾಳಿ, ಗ್ಯಾಸು, ಬೇಸಿಗೆಯ ಕರೆಂಟು, ಈ ನಾಲ್ಕಕ್ಕೆ.

ಸುಗ್ಗಿಯಲ್ಲಿ ವರ್ಷದ ಜೋಳ ಒಮ್ಮೆಗೇ ತರೋಣ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನಮ್ಮ ಮನೆಯವರು "ಇಡಾಕ ಜಾಗ ಎಲ್ಲೈತಿ" ಅಂದರು. ನನ್ನ ತಂಗಿ ಫೋನಿನಲ್ಲಿ, "ಹುಳಕ್ಕ ಊಟ ಹಾಕಾಕ ರೊಕ್ಕ ಖರ್ಚ್ ಮಾಡ್ತಿಯೇನವಾ" ಅಂದಳು. ಮೊದಲೆರಡು ವರ್ಷ ಅವಳು ಹೇಳಿದ್ದೇ ಆಯಿತು.

2022ರಲ್ಲಿ ಎರಡು ಚೀಲ ತಂದೆವು. ಸುಮಾರು 6000 ರೂಪಾಯಿ. ಗೋಣಿಚೀಲದಲ್ಲೇ ಅಡುಗೆಮನೆಯ ಮೂಲೆಗೆ, ಗೋಡೆಗೆ ತಾಗಿಸಿ ಇಟ್ಟೆ. ಕೆಳಗೆ ಹಲಗೆ ಕೂಡ ಹಾಕಲಿಲ್ಲ. ಜುಲೈನಲ್ಲಿ ಗೋಡೆ ತಂಪಾಗಿತ್ತು, ಆಗಸ್ಟ್ ಹೊತ್ತಿಗೆ ಚೀಲದ ಮೇಲೆ ನುಸಿ ಹರಿದಾಡುತ್ತಿತ್ತು. ಎರಡನೇ ಚೀಲ ಬಿಚ್ಚಿದರೆ ಕೆಳಗಿನ ಭಾಗ ಹಿಟ್ಟಾಗಿತ್ತು, ಮುಗ್ಗಲು ವಾಸನೆ ಬೇರೆ. ಹಸನು ಮಾಡಿ, ಜರಡಿ ಹಿಡಿದು ಉಳಿದದ್ದನ್ನು ತಿಂದೆವು. ಮುಗ್ಗಿದ್ದು ಮುಗ್ಗಿತು, ಅದನ್ನು ಎಸೆದೆವು, ದನಕ್ಕೂ ಹಾಕಲಿಲ್ಲ. ಕಡಿಮೆ ಅಂದರೂ 2000 ರೂಪಾಯಿ ಹೋಯಿತು.

2023ರಲ್ಲಿ ಡ್ರಮ್ ಹಿಡಿದೆ. ನೀಲಿ ಬಣ್ಣದ 200 ಲೀಟರ್ ಪ್ಲಾಸ್ಟಿಕ್ ಡ್ರಮ್, ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ ಬರುತ್ತದಲ್ಲ, ಅದು. ಗುಜರಿಯಲ್ಲಿ 400ಕ್ಕೆ ಸಿಕ್ಕಿತು ಅಂತ ಖುಷಿಯಾಗಿ ತಂದೆ. ಅದರಲ್ಲಿ ಮೊದಲು ಏನಿತ್ತು ಅಂತ ಕೇಳಲಿಲ್ಲ. ಮೂರು ಸಲ ತೊಳೆದೆ, ಬಿಸಿಲಿಗೆ ಇಟ್ಟೆ, ವಾಸನೆ ಹೋಯಿತು ಅಂದುಕೊಂಡೆ. ಇನ್ನೊಂದು ತಪ್ಪು ಏನಾಯಿತು ಅಂದರೆ, ಮಾಳಿಗೆ ಮೇಲೆ ತಾಡಪತ್ರಿ ಹಾಸಿ ಎರಡು ದಿನ ಒಣಗಿಸಿದ ಜೋಳವನ್ನು ಸಂಜೆ ಐದಕ್ಕೆ, ಕಾಳು ಇನ್ನೂ ಬೆಚ್ಚಗಿರುವಾಗಲೇ ತುಂಬಿ ಮುಚ್ಚಿಬಿಟ್ಟೆ. ಏಪ್ರಿಲ್ ಬಿಸಿಲು, ಅಂಗೈಗೆ ಸುಡುವಷ್ಟು ಕಾವು ಇತ್ತು. ಹದಿನೈದು ದಿನಕ್ಕೆ ತೆರೆದರೆ ಮುಚ್ಚಳದ ಒಳಗೆ ಬೆವರಿನ ಹನಿ. ಮೇಲಿನ ನಾಲ್ಕು ಬೆರಳು ಜೋಳ ಬೂಸಲು. ಕೆಳಗಿನದು ಚೆನ್ನಾಗಿತ್ತು, ಆದರೆ ರೊಟ್ಟಿ ಬಡಿದರೆ ಔಷಧಿ ವಾಸನೆ. ಮಕ್ಕಳಿಗೆ ಹಾಕಲು ಮನಸ್ಸು ಬರಲಿಲ್ಲ. ಪೂರ್ತಿ ಡ್ರಮ್ ಹೋಯಿತು, ಸುಮಾರು 140 ಕಿಲೋ. ಆ ವರ್ಷ ಜೋಳ ಎಷ್ಟು ತುಟ್ಟಿ ಇತ್ತು ನೆನಪಿದೆಯಲ್ಲ. 7000 ರೂಪಾಯಿ ನೀರಿಗೆ ಹೋಯಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ.

ಆಗ ಅತ್ತೆ ಹಗೇವಿನ ಮಾತು ತೆಗೆದರು. ಅವರ ತವರು ಡೋಣಿ ಹೊಳೆ ಸಾಲಿನ ಹಳ್ಳಿ. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಅನ್ನುತ್ತಾರಲ್ಲ, ಆ ಕಡೆ. ಅವರ ಅಪ್ಪನ ಕಾಲದಲ್ಲಿ ನೆಲದಲ್ಲಿ ಆಳವಾಗಿ ಹಗೇವು ತೋಡಿ, ಸುತ್ತ ಹುಲ್ಲು ಇಟ್ಟು, ಬಾಯಿತನಕ ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರಂತೆ. ಎರಡು ವರ್ಷವಾದರೂ ಹುಳ ಇಲ್ಲ. ತೆರೆದ ದಿನ ಯಾರೂ ಇಳಿಯುವಂತಿಲ್ಲ. ಗಾಳಿಯಾಡಲು ಬಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ. ಅವಸರಪಟ್ಟು ಇಳಿದವರು ಸತ್ತದ್ದೂ ಉಂಟು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನುಷ್ಯನಿಗೇ ಗಾಳಿ ಇಲ್ಲ ಅಂದ ಮೇಲೆ ಹುಳಕ್ಕೆ ಎಲ್ಲಿಂದ ಬರಬೇಕು? ಹಗೇವಿನಲ್ಲಿ ಹುಳ ಕೊಲ್ಲುವ ಗುಳಿಗೆ ಇರಲಿಲ್ಲ, ಔಷಧಿ ಇರಲಿಲ್ಲ. ಬಾಯಿತನಕ ತುಂಬುತ್ತಿದ್ದರು, ಗಟ್ಟಿ ಮುಚ್ಚುತ್ತಿದ್ದರು, ಮತ್ತೆ ಮತ್ತೆ ತೆರೆಯುತ್ತಿರಲಿಲ್ಲ. ನಾನು ಡ್ರಮ್ ತಂದಿದ್ದೆ, ಆದರೆ ಹಗೇವಿನ ಹಾಗೆ ಬಳಸಿರಲಿಲ್ಲ.

2024ರಲ್ಲಿ ಬೇರೆ ಡ್ರಮ್ ತಂದೆ. ಈ ಸಲ ತಿನ್ನುವ ಪದಾರ್ಥ ಬಂದ ಡ್ರಮ್ಮೇ ಬೇಕು ಅಂತ ಹುಡುಕಿ, 700 ಕೊಟ್ಟು ತಂದೆ. ಗುಜರಿಯ 400ರ ಡ್ರಮ್ಮಿನ ಆಸೆಗೆ ಬೀಳಬೇಡಿ. ಜೋಳ ಮೂರು ದಿನ ಒಣಗಿಸಿ, ರಾತ್ರಿ ನೆರಳಲ್ಲಿ ಹರವಿ ಆರಿಸಿ, ಬೆಳಗಿನ ಜಾವ ತುಂಬಿದೆ. ಬೂಸಲು ಬರಲಿಲ್ಲ. ಆದರೆ ಹಿಟ್ಟಿಗೆ ಬೇಕೆಂದು ವಾರಕ್ಕೊಮ್ಮೆ ಅದೇ ಡ್ರಮ್ ತೆರೆಯುತ್ತಿದ್ದೆ. ಅರ್ಧ ಖಾಲಿಯಾಗುವಷ್ಟರಲ್ಲಿ ಮಳೆಗಾಲ ಬಂತು, ನುಸಿಯೂ ಬಂತು. ಆದರೂ ಆ ವರ್ಷ ನಷ್ಟ ಆಗಲಿಲ್ಲ. ಲಾಭವೂ ಅಷ್ಟಕ್ಕಷ್ಟೇ.

2025ರಲ್ಲಿ ಎಲ್ಲ ಸರಿಹೋಯಿತು. ಮೂರೂವರೆ ಕ್ವಿಂಟಲ್ ಬಿಳಿಜೋಳ, ಮಾಲದಂಡಿ ತಳಿ. ಎರಡು ಡ್ರಮ್ ಬಾಯಿತನಕ, ಒಂದೊಂದಕ್ಕೆ 145 ಕಿಲೋ ಹತ್ತಿರ ಹಿಡಿಯುತ್ತದೆ. ಅಲುಗಾಡಿಸಿ, ಕುಟ್ಟಿ, ಮತ್ತೆ ತುಂಬಬೇಕು. ಮುಚ್ಚಳ ಕಾಳಿಗೆ ತಾಗುವಂತಿರಬೇಕು. ಉಳಿದ 60 ಕಿಲೋ ಹಿಂದಿನ ವರ್ಷದ ಡ್ರಮ್ಮಿಗೆ. ಈ ಅರ್ಧ ತುಂಬಿದ್ದನ್ನೇ ಮೊದಲು ತಿಂದು ಮುಗಿಸಬೇಕು, ಮೇ ನಡುವಿನ ತನಕ ಅದು ಸಾಕು. ಆಮೇಲೆ ಒಂದು ಡ್ರಮ್ ತೆರೆದೆ. ಅದನ್ನೂ ತಿಂಗಳಿಗೆ ಒಂದೇ ಸಲ. 30 ಕಿಲೋ ತೆಗೆದು ಡಬ್ಬಿಗೆ ಹಾಕಿ, ಮತ್ತೆ ಪಟ್ಟಿ ಬಿಗಿದು ಇಡುವುದು. ಮಳೆ ಬರುವ ದಿನ ತೆರೆಯಲೇಬಾರದು. ಡ್ರಮ್ಮುಗಳು ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಮುಚ್ಚಳದ ಸಂದಿಗೆ ಏನು ಮೆತ್ತುತ್ತೇನೆ ಅನ್ನುವುದು ಅತ್ತೆ ಹೇಳಿಕೊಟ್ಟದ್ದು. ಅದು ನಮ್ಮ ಮನೆಯಲ್ಲೇ ಇರಲಿ. ನೀವು ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದರೂ ನಡೆಯುತ್ತದೆ.

ನಡುವೆ ಪ್ರಯೋಗಗಳನ್ನೂ ಮಾಡಿದೆ. ಡ್ರಮ್ಮಿನೊಳಗೆ ಹಣತೆ ಹಚ್ಚಿಟ್ಟು ಮುಚ್ಚಿದರೆ ಗಾಳಿ ಸುಟ್ಟು ಹುಳ ಸಾಯುತ್ತದೆ ಅಂತ ಓಣಿಯಲ್ಲಿ ಒಬ್ಬರು ಹೇಳಿದರು. ನುಸಿ ಹತ್ತಿದ ಐದು ಕಿಲೋ ಜೋಳ ಬೇರೆ ಡಬ್ಬಿಗೆ ಹಾಕಿ ಮಾಡಿ ನೋಡಿದೆ. ಹಣತೆ ಬೇಗ ಆರಿತು, ಒಂದು ತಿಂಗಳ ಮೇಲೆ ನುಸಿ ಆರಾಮಾಗಿ ಓಡಾಡುತ್ತಿತ್ತು. ಜೋಳಕ್ಕೆ ಹೊಗೆ ವಾಸನೆ ಬಂದದ್ದಷ್ಟೇ ಲಾಭ. ಬೇವಿನ ಎಲೆಯದ್ದೂ ನೋಡಿದೆ. ನೆರಳಲ್ಲಿ ಒಣಗಿಸಿ ಒಂದು ಡ್ರಮ್ಮಿಗೆ ಪದರ ಪದರ ಹಾಕಿದೆ, ಇನ್ನೊಂದಕ್ಕೆ ಹಾಕಲಿಲ್ಲ. ನನಗೇನೂ ವ್ಯತ್ಯಾಸ ಕಾಣಲಿಲ್ಲ. ಗೋಣಿಚೀಲಕ್ಕೆ ಬೇವು ಬೇಕಾಗಬಹುದು, ಗಟ್ಟಿ ಮುಚ್ಚಿದ ಡ್ರಮ್ಮಿಗೆ ಬೇಕಿಲ್ಲ.

ತೊಗರಿಯ ಕತೆ ಬೇರೆ. ಜನವರಿಯಲ್ಲಿ 50 ಕಿಲೋ ತೊಗರಿ ತಂದೆ, ಕಿಲೋಗೆ 75ರಂತೆ. ನೆನೆಸಿ, ಕೆಂಪು ಮಣ್ಣು ಕಲಸಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ನಾನೂ ಅತ್ತೆಯೂ ಸೇರಿ ಒಡೆದೆವು. 36 ಕಿಲೋ ಬ್ಯಾಳಿ ಬಂತು. ಅಂಗಡಿ ರೇಟಿನಲ್ಲಿ 4500 ಆಗುತ್ತಿತ್ತು, ಅಂದರೆ ಉಳಿದದ್ದು 750. ಅಷ್ಟಕ್ಕೆ ನಾಲ್ಕು ದಿನ, ಎರಡು ಹೆಗಲು. ರುಚಿ ಮಾತ್ರ ಏನು ಹೇಳಲಿ, ಅಂಥ ಸಾರು ಅಂಗಡಿ ಬ್ಯಾಳಿಯಲ್ಲಿ ಬರುವುದೇ ಇಲ್ಲ. ಈಗ ಗಿರಣಿಗೆ ಕೊಟ್ಟು ಒಡೆಸುತ್ತೇನೆ. ಒಂದು ಮಾತು: ತೊಗರಿಯನ್ನು ಇಡೀ ಕಾಳಾಗಿ ಇಟ್ಟರೆ ಹುಳ ಬೇಗ ಹತ್ತುತ್ತದೆ, ಕಾಳಿಗೊಂದು ತೂತು. ಬ್ಯಾಳಿ ಮಾಡಿ, ಸ್ವಲ್ಪ ಔಡಲೆಣ್ಣೆ ಸವರಿ, ಒಣಗಿಸಿ ಇಟ್ಟರೆ ಉಳಿಯುತ್ತದೆ.

ಇಷ್ಟು ರೊಕ್ಕ ಒಮ್ಮೆಗೆ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ನಿಜವಾದ ತೊಡಕು ಅದೇ. ಸುಗ್ಗಿಯಲ್ಲಿ ಸಸ್ತಾ ಅಂತ ಗೊತ್ತಿದ್ದರೂ ಮಾರ್ಚ್‌ನಲ್ಲಿ ಕೈಯಲ್ಲಿ 12,000 ಇರಬೇಕಲ್ಲ. 2022ರಲ್ಲಿ ಕೈಸಾಲ ಮಾಡಿದ್ದೆ, ಬಡ್ಡಿಗೇ ಉಳಿತಾಯ ಹೋಯಿತು. ಗೃಹಲಕ್ಷ್ಮಿಯ 2000 ಬರಲು ಶುರುವಾದ ಮೇಲೆ ಅದರಲ್ಲಿ 1000 ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿದೆ. ಆ ಖಾತೆಗೆ ಎಟಿಎಂ ಕಾರ್ಡ್ ತೆಗೆದುಕೊಳ್ಳಲಿಲ್ಲ, ಫೋನಿಗೂ ಜೋಡಿಸಲಿಲ್ಲ. ತೆಗೆಯಬೇಕಾದರೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಸಣ್ಣಪುಟ್ಟ ಆಸೆಗೆ ಅಷ್ಟು ದೂರ ಯಾರು ಹೋಗುತ್ತಾರೆ? ವರ್ಷಕ್ಕೆ 12,000 ತಾನಾಗಿ ಆಯಿತು. 2025ರಲ್ಲಿ ಜೋಳಕ್ಕೆ ಕೊಟ್ಟದ್ದು ಕ್ವಿಂಟಲ್‌ಗೆ 3600 ಹತ್ತಿರ, ಟಂಟಂ ಬಾಡಿಗೆ, ಹಮಾಲಿ ಎಲ್ಲ ಸೇರಿ 13,000 ಆಗಿರಬಹುದು. ಅಂಗಡಿಯಲ್ಲಿ ವಾರ ವಾರ ತಂದಿದ್ದರೆ 18,000ಕ್ಕೆ ಕಡಿಮೆ ಇರಲಿಲ್ಲ. ಯಾವ ಊರಿನ ರೈತರಿಂದ ತರುತ್ತೇನೆ ಅಂತ ಕೇಳಬೇಡಿ, ಅವರ ಹತ್ತಿರ ಇರುವುದೇ ಸ್ವಲ್ಪ.

ಗ್ಯಾಸಿನ ಉಳಿತಾಯವೂ ಜೋಳದ ಬೆನ್ನಿಗೇ ಬಂತು. ಅದೇ ರೈತರು ತೊಗರಿ ಕಟ್ಟಿಗೆಯ ಎರಡು ದೊಡ್ಡ ಹೊರೆ ಸುಮ್ನೆ ಕೊಟ್ಟರು. ಮಾಳಿಗೆ ಮೇಲೆ ಮೂರು ಕಲ್ಲಿನ ಒಲೆ ಹೂಡಿ, ಭಾನುವಾರ ಬೆಳಿಗ್ಗೆ 60-70 ಕಟಕ ರೊಟ್ಟಿ ಬೇಯಿಸುತ್ತೇವೆ. ಬಯಲಿನಲ್ಲಿ ಮಾಡುವುದರಿಂದ ಹೊಗೆ ಕಣ್ಣಿಗೆ ಅಷ್ಟಾಗಿ ಬರುವುದಿಲ್ಲ. ರಾತ್ರಿ ಊಟಕ್ಕೆ ವಾರವಿಡೀ ಅದೇ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು ಇದ್ದರೆ ಪಲ್ಯ ಕೂಡ ಬೇಡ. ಮೊದಲ ಸಲ ರೊಟ್ಟಿ ಬೆಚ್ಚಗಿರುವಾಗಲೇ ಡಬ್ಬಿ ಮುಚ್ಚಿ ನಾಲ್ಕೇ ದಿನಕ್ಕೆ ಬೂಸಲು ಬಂತು. ಜೋಳದಲ್ಲಿ ಮಾಡಿದ ತಪ್ಪನ್ನೇ ರೊಟ್ಟಿಯಲ್ಲೂ ಮಾಡಿದ್ದೆ. ಈಗ ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಇಡುತ್ತೇನೆ. ಮೊದಲು ಸಿಲಿಂಡರ್ 32 ದಿನ ಬರುತ್ತಿತ್ತು, ಈಗ 45-46 ದಿನ. ವರ್ಷಕ್ಕೆ ಮೂರು ಸಿಲಿಂಡರ್ ಉಳಿಯಿತು, ಅಂದರೆ ಎರಡೂವರೆ ಸಾವಿರದ ಮೇಲೆ. ತಾರೀಕು ಸಿಲಿಂಡರ್ ಮೇಲೇ ಸೀಮೆಸುಣ್ಣದಲ್ಲಿ ಬರೆಯುತ್ತೇನೆ, ಅದಕ್ಕೇ ಇಷ್ಟು ಖಾತ್ರಿಯಾಗಿ ಹೇಳುತ್ತಿದ್ದೇನೆ.

ಕರೆಂಟಿನದ್ದು ಬೇಗ ಹೇಳಿಬಿಡುತ್ತೇನೆ. ಗೃಹಜ್ಯೋತಿಯಲ್ಲಿ ನಮ್ಮ ಹಳೇ ಸರಾಸರಿ 70 ಯುನಿಟ್ ಹತ್ತಿರ, ಅಷ್ಟು ಮತ್ತು ಅದರ ಮೇಲೆ ಒಂದಿಷ್ಟು ಮಾತ್ರ ಫ್ರೀ. 200 ಯುನಿಟ್ ಎಲ್ಲರಿಗೂ ಫ್ರೀ ಅಂದುಕೊಂಡು ಬೇಸಿಗೆಯಲ್ಲಿ ಕೂಲರ್ ಓಡಿಸಿದೆವು, ಬಿಲ್ ಬಂದಾಗ ಗೊತ್ತಾಯಿತು. ನಮ್ಮೂರ ಬಿಸಿಲಿಗೆ ಫ್ಯಾನ್ ಆರಿಸಲು ಆಗುವುದಿಲ್ಲ. ಹಳೇ ಫ್ಯಾನ್ 75 ವ್ಯಾಟ್, ದಿನಾ 15 ತಾಸು ತಿರುಗುತ್ತಿತ್ತು. ಅದನ್ನು ತೆಗೆದು ಕಡಿಮೆ ಕರೆಂಟ್ ತಿನ್ನುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದೆ, 2800 ಆಯಿತು. ತಿಂಗಳಿಗೆ 20 ಯುನಿಟ್ ಇಳಿಯಿತು. ಈಗ ಏಪ್ರಿಲ್, ಮೇ ಬಿಟ್ಟರೆ ಬಿಲ್ ಸೊನ್ನೆ. ಎರಡನೇ ಫ್ಯಾನ್ ಇನ್ನೂ ಬದಲಿಸಿಲ್ಲ, ಈ ವರ್ಷದ ಜೋಳದ ಉಳಿತಾಯದಲ್ಲಿ ಬದಲಿಸುತ್ತೇನೆ.

ಈಗ ಓಣಿಯಲ್ಲಿ ನಾಲ್ಕು ಮನೆಗೆ ನೀಲಿ ಡ್ರಮ್ ಬಂದಿದೆ. ಎಲ್ಲರೂ ನಮ್ಮ ಮಾಳಿಗೆ ಮೇಲೇ ಜೋಳ ಒಣಗಿಸುತ್ತೇವೆ ಅನ್ನುತ್ತಿದ್ದಾರೆ, ಹಕ್ಕಿ ಕಾಯಲು ಮಕ್ಕಳಿದ್ದಾರೆ, ಬರಲಿ. ನನ್ನ ಖಾತೆಯಲ್ಲಿ ಸದ್ಯ 10,000 ಇದೆ. ಶಿವರಾತ್ರಿ ಹೊತ್ತಿಗೆ ಇನ್ನೊಂದು 3000 ಸೇರಬೇಕು. ಈ ಸಲ ನಾಲ್ಕೂವರೆ ಕ್ವಿಂಟಲ್ ಹೇಳಿದ್ದೇನೆ. ಹೆಚ್ಚಿನ ಒಂದು ಕ್ವಿಂಟಲ್ ನನ್ನ ತಂಗಿಯದ್ದು. ರೊಕ್ಕ ಮೊನ್ನೆಯೇ ಕಳಿಸಿದಳು, ಡ್ರಮ್ ಮಾತ್ರ ನೀನೇ ಆರಿಸಿ ತಾ ಅಂದಿದ್ದಾಳೆ.